ಟೊಮೇಟೊ ಪಕ್ಕ ಚೆಂಡು ಹೂವು ಯಾಕೆ ಬೇಕು?

[ದೃಶ್ಯ: ತೂತು ಬಿದ್ದ ಟೊಮೇಟೊ, ಹತ್ತಿರದಿಂದ]

ನಮಸ್ಕಾರ. ಈ ಹಣ್ಣು ನೋಡಿ. ಬಣ್ಣ ಚೆನ್ನಾಗಿದೆ, ಆದರೆ ಒಂದು ಕಡೆ ತೂತು. ಕೊಯ್ದರೆ ಒಳಗೆ ಹುಳ. ಇದೇ ಕಾಯಿಕೊರಕ.

"ಚೆಂಡು ಹೂವು ಹಾಕಿ, ವಾಸನೆಗೆ ಹುಳ ಓಡಿಹೋಗುತ್ತೆ" ಅಂತ ಯಾರೋ ನಿಮಗೂ ಹೇಳಿರುತ್ತಾರೆ, ಅಲ್ವಾ? ನಾನೂ ನಂಬಿ ಹಾಕಿದ್ದೆ. ಹೂವು ಬರುವಷ್ಟರಲ್ಲಿ ಟೊಮೇಟೊ ತೂತಾಗಿತ್ತು.

ನಿಜವಾಗಿ ನಡೆಯುವುದು ಉಲ್ಟಾ. ಕಾಯಿಕೊರಕದ ಪತಂಗಕ್ಕೆ ಚೆಂಡು ಹೂವು ಅಂದರೆ ಇಷ್ಟ. ರಾತ್ರಿ ಬಂದು ಅದರ ಮೊಗ್ಗು, ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಟೊಮೇಟೊಗೆ ಬೀಳಬೇಕಾದ ಮೊಟ್ಟೆ ಅಲ್ಲಿ ಬೀಳುತ್ತದೆ. ಅಂದರೆ ಇದು ಬೇಲಿ ಅಲ್ಲ, ಬಲೆ.

[ದೃಶ್ಯ: ಎರಡು ಸಸಿ ತಟ್ಟೆ, ಪಕ್ಕಪಕ್ಕ]

ಬಲೆ ಸರಿಯಾದ ಹೊತ್ತಿಗೆ ಸಿದ್ಧ ಇರಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ಲೆಕ್ಕ ಹೀಗಿದೆ: 16 ಸಾಲು ಟೊಮೇಟೊಗೆ 1 ಸಾಲು ಚೆಂಡು ಹೂವು. ನಾಟಿ ದಿನ ಟೊಮೇಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 45 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಎತ್ತರ ಬೆಳೆಯುವ ಹಳದಿ, ಕಿತ್ತಳೆ ಜಾತಿ ಆರಿಸಿ. ಹಿತ್ತಿಲಲ್ಲಿ 16 ಸಾಲು ಎಲ್ಲಿಂದ ತರೋಣ? ಮಡಿಯ ಅಂಚಿಗೆ ನಾಲ್ಕು ಗಿಡ ಹಾಕಿ, ಸಾಕು.

ಆಮೇಲೆ ಸುಮ್ನೆ ಕೂರಬೇಡಿ. ದಿನಾ ಬೆಳಿಗ್ಗೆ ಹೂವು ಬಿಡಿಸಿ ನೋಡಿ, ಹುಳ ಕಂಡರೆ ಸೋಪಿನ ನೀರಿಗೆ ಹಾಕಿ. ಇದನ್ನು ಮಾಡದಿದ್ದರೆ ನೀವು ಹುಳ ಸಾಕಿದಂತೆಯೇ.

ಚೆಂಡು ಹೂವಿನ ಬೇರು ಮಣ್ಣಿನ ಜಂತುಹುಳವನ್ನೂ ಕಡಿಮೆ ಮಾಡುತ್ತದೆ. ಟೊಮೇಟೊ ಬೇರಿನಲ್ಲಿ ಗಂಟು ಬರುತ್ತದಲ್ಲ, ಅದಕ್ಕೆ ಕಾರಣ ಈ ಹುಳ. ಆದರೆ ಬೇರು ಅದೇ ಮಣ್ಣಿನಲ್ಲಿ ಇರಬೇಕು. ತಾರಸಿಯಲ್ಲಿ ಬೇರೆ ಬೇರೆ ಕುಂಡದಲ್ಲಿಟ್ಟರೆ ಈ ಲಾಭ ಇಲ್ಲ.

ಎಲೆಕೋಸಿಗೆ ಈ ಬಲೆಯ ಕೆಲಸ ಸಾಸಿವೆ ಮಾಡುತ್ತದೆ. ಕೋಸು ನೆಡುವ 15 ದಿನ ಮೊದಲು ಪಕ್ಕದಲ್ಲಿ ಒಂದು ಸಾಲು ಚೆಲ್ಲಿ. ಇನ್ನು ಟೊಮೇಟೊ ಪಕ್ಕ ಬದನೆ ಬೇಡ. ಎರಡೂ ಒಂದೇ ಕುಟುಂಬ, ಸೊರಗು ರೋಗ ಒಂದಕ್ಕೆ ಬಂದರೆ ಇನ್ನೊಂದಕ್ಕೂ ಹತ್ತುತ್ತದೆ.

[ದೃಶ್ಯ: ರಾಗಿ ಹೊಲದ ಅಕ್ಕಡಿ ಸಾಲು]

ಇದೆಲ್ಲ ಹೊರಗಿನಿಂದ ಬಂದ ಫ್ಯಾಷನ್ ಅಂದುಕೊಂಡಿರಾ? ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಸಾಲು ಹಾಕುವ ಅಕ್ಕಡಿ ನಮ್ಮಜ್ಜಿಗೂ ಗೊತ್ತಿತ್ತು.

ಹಬ್ಬಕ್ಕೆ ತಂದ ಚೆಂಡು ಹೂವಿನ ಹಾರ ಒಣಗಿದ್ದರೆ ಎಸೆಯಬೇಡಿ, ಬೀಜ ಅದರಲ್ಲೇ ಸಿಗಬಹುದು. ಇವತ್ತು ಅದನ್ನು ಬಿತ್ತಿ. ಟೊಮೇಟೊ ಬೀಜಕ್ಕೆ ಇನ್ನೂ 20 ದಿನ ಕಾಯಿರಿ.