ಆರಿದ್ರಾ ಮಳೆ ಗೊತ್ತು, ಆರಿದ್ರಾ ನಕ್ಷತ್ರ?

[ದೃಶ್ಯ: ಮಳೆ ಸುರಿಯುತ್ತಿರುವ ಗದ್ದೆ]

ನಮಸ್ಕಾರ. "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ" ಅನ್ನೋ ಗಾದೆ ಕೇಳಿರುತ್ತೀರಿ. ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತಲೂ ಮನೆಯಲ್ಲಿ ಹಿರಿಯರು ಹೇಳುತ್ತಿರುತ್ತಾರೆ. ಸರಿ, ಆ ರೋಹಿಣಿ ಆಕಾಶದಲ್ಲಿ ಎಲ್ಲಿದೆ? ಬೆರಳು ಮಾಡಿ ತೋರಿಸಿ ಅಂದರೆ ತಡವರಿಸುತ್ತೇವೆ, ಅಲ್ವಾ?

ಹಾಗೆ ಬೆರಳು ಮಾಡಿ ತೋರಿಸುವುದನ್ನು ಬದುಕಿಡೀ ಬಿಡದೆ ಮಾಡಿದವರು ಜಿ.ಟಿ. ನಾರಾಯಣ ರಾವ್.

[ದೃಶ್ಯ: ಮಡಿಕೇರಿಯ ಬೆಟ್ಟಸಾಲು, ಮುಸ್ಸಂಜೆ]

1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. 2008ರಲ್ಲಿ ತೀರಿಕೊಂಡರು. ಓದುಗರಿಗೆ ಅವರು ಜಿಟಿಎನ್. ವೃತ್ತಿಯಿಂದ ಗಣಿತದ ಮೇಷ್ಟ್ರು. ಜೊತೆಗೆ ಎನ್‌ಸಿಸಿ ಅಧಿಕಾರಿ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ಸಂಪಾದಕರು. ಕರ್ನಾಟಕ ಸಂಗೀತದ ಕಛೇರಿ ಕೇಳಿ ಬಂದು ನಿಷ್ಠುರವಾಗಿ ವಿಮರ್ಶೆ ಬರೆಯುತ್ತಿದ್ದರು. ಬ್ಲ್ಯಾಕ್ ಹೋಲ್ ಬಗ್ಗೆ 'ಕೃಷ್ಣವಿವರಗಳು' ಅಂತ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದರು.

ನನಗೆ ಅವರಲ್ಲಿ ತುಂಬಾ ಹಿಡಿಸುವುದು ಇನ್ನೊಂದು. ಜ್ಯೋತಿಷ್ಯವನ್ನು ಅವರು ಒಂದು ಚೂರೂ ಒಪ್ಪಲಿಲ್ಲ. ಆದರೆ ನಕ್ಷತ್ರಗಳ ಹಳೆಯ ಹೆಸರುಗಳನ್ನು ಬಿಟ್ಟುಕೊಡಲಿಲ್ಲ. ರೋಹಿಣಿ ಅಂದರೆ ಜಾತಕದ ಒಂದು ಮನೆ ಅಲ್ಲ, ಕಣ್ಣಿಗೆ ಕಾಣುವ ಒಂದು ಚುಕ್ಕಿ. ದೂರದರ್ಶಕ ಬೇಡ, ಬರಿಗಣ್ಣು ಸಾಕು.

[ದೃಶ್ಯ: ಪೂರ್ವದ ಆಕಾಶದ ನಕ್ಷೆ]

ನಾವೂ ನೋಡೋಣ. ಜನವರಿ ನಡುವಿನಲ್ಲಿ ರಾತ್ರಿ 8 ಗಂಟೆಗೆ ತಾರಸಿ ಹತ್ತಿ. ದೀಪ ಆರಿಸಿ, ಹತ್ತು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ತಲೆ ಎತ್ತಿದರೆ ಮೂರು ಚುಕ್ಕಿಗಳು ಒಂದೇ ಸಾಲಿನಲ್ಲಿ, ಪೋಣಿಸಿಟ್ಟ ಹಾಗೆ ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಬೇಟೆಗಾರನ ಹಾಗೆ ಕಾಣುವ ನಕ್ಷತ್ರಪುಂಜದ (ಓರಿಯನ್) ನಡುಪಟ್ಟಿ.

ಆ ಸಾಲನ್ನು ಕೆಳಕ್ಕೆ ಎಳೆಯಿರಿ. ಸಿಗುವುದು ಲುಬ್ಧಕ, ರಾತ್ರಿಯ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ. ನಿಮ್ಮ ಕಣ್ಣು ಸೇರಿದ ಆ ಬೆಳಕು ಅಲ್ಲಿಂದ ಹೊರಟು ಸುಮಾರು ಎಂಟೂವರೆ ವರ್ಷ ಆಯಿತು. ಅದೇ ಸಾಲನ್ನು ಮೇಲಕ್ಕೆ ಎಳೆಯಿರಿ. ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಒಂದು ಚುಕ್ಕಿ. ಅದೇ ರೋಹಿಣಿ!

ಇನ್ನು ಆರಿದ್ರಾ. ಜೂನ್ ಕೊನೆಗೆ ಆ ಮಳೆ ಬರುವಾಗ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುತ್ತಾನೆ. ಮಳೆಗೆ ಹೆಸರು ಬಂದದ್ದೇ ಹಾಗೆ. ಮೋಡ ಇಲ್ಲದಿದ್ದರೂ ಆಗ ಅದು ಕಾಣುವುದಿಲ್ಲ. ಈಗ ಚಳಿಗಾಲ, ಸೂರ್ಯ ಆಚೆ ಬದಿಯಲ್ಲಿದ್ದಾನೆ. ನಡುಪಟ್ಟಿಯಿಂದ ಎಡಕ್ಕೆ ಕಣ್ಣು ಹಾಯಿಸಿ. ಕೆಂಡದ ಹಾಗೆ ಕೆಂಪಗೆ ಇದೆಯಲ್ಲ, ಅದೇ.