ಸೂಜಿಯೇ ಬೇಕೆನ್ನುವವರಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಡಾಕ್ಟರರ ಹತ್ತಿರ ಹೋಗಿ ಬರೀ ಮಾತ್ರೆ ತಂದರೆ ಮನೆಯವರಿಗೆ ಸಮಾಧಾನವಿಲ್ಲ. "ಒಂದು ಸೂಜಿಯಾದರೂ ಹಾಕಿದರಾ?" ಅಂತ ಕೇಳುತ್ತಾರೆ. ಅದೇ ಮನೆಯಲ್ಲಿ ತೀವ್ರ ನೋವಿನ ಮದ್ದು ಮಾರ್ಫಿನ್ ಅಂದರೆ, "ಅಯ್ಯೋ, ಅಫೀಮು, ಬೇಡ!" ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಪಾಲಿಯೇಟಿವ್ ಆರೈಕೆಯ ಜೀಪಿನಲ್ಲಿ ಮನೆಮನೆ ತಿರುಗಿದ ನರ್ಸ್ ನಾನು. ಎರಡನ್ನೂ ಸಾಕಷ್ಟು ಕೇಳಿದ್ದೇನೆ.

ಬದಿಯಡ್ಕದ ಆಚೆ ಅಡಿಕೆ ತೋಟದ ಮನೆ. ಅಜ್ಜನಿಗೆ ಬಾಯಿ ಕ್ಯಾನ್ಸರ್. ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ಕೊಡಲು ಹೇಳಿತ್ತು. "ನೋವು ಜೋರಾದಾಗ ಮಾತ್ರ ಕೊಡ್ತೇವೆ ಸಿಸ್ಟರೇ, ಅಭ್ಯಾಸ ಆಗಬಾರದಲ್ಲ" ಎಂದು ಸೊಸೆ ಅಕ್ಕಿ ಡಬ್ಬಿಯೊಳಗಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಅರ್ಧಕ್ಕರ್ಧ ಹಾಗೇ ಇತ್ತು. ಅಜ್ಜ ಮಂಚದ ಅಂಚು ಹಿಡಿದ ಕೈ ಬಿಟ್ಟಿರಲಿಲ್ಲ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಅದಕ್ಕೇ ಗಡಿಯಾರ ನೋಡಿ ಕೊಡುವುದು. ನೋವಿಗೆಂದು ಹೀಗೆ ಲೆಕ್ಕದಲ್ಲಿ ಕೊಟ್ಟರೆ ಚಟ ಹಿಡಿಯುವುದು ಅಪರೂಪ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಮಲ ಸಡಿಲಿಸುವ ಮದ್ದು ಮೊದಲ ದಿನದಿಂದಲೇ ಬೇಕು.

ಕೊನೆಕೊನೆಗೆ ಅಜ್ಜನಿಗೆ ನುಂಗಲಾಗಲಿಲ್ಲ. ಸೂಜಿಮದ್ದು ಬೇಕಾಗುವುದು ಇಂಥ ಹೊತ್ತಿಗೆ, ಇಲ್ಲವೇ ವಾಂತಿ ನಿಲ್ಲದಿದ್ದಾಗ. ಮಗ ಕೇಳಿದ: "ಮಾತ್ರೆ ಏರಿಸುತ್ತ 30 ಮಿಲಿಗ್ರಾಂ ಆಗಿತ್ತು, ಸೂಜಿಯೂ 30 ಅಲ್ವಾ?" ಜೀವಕ್ಕೆ ಅಪಾಯ ತರುವ ಲೆಕ್ಕ ಅದು. ನುಂಗಿದ ಮಾರ್ಫಿನ್‌ನ ಬಹುಪಾಲನ್ನು ಯಕೃತ್ತು ದಾರಿಯಲ್ಲೇ ಮುಗಿಸಿಬಿಡುತ್ತದೆ, ಚರ್ಮದಡಿ ಹಾಕಿದ್ದು ನೇರ ರಕ್ತಕ್ಕೆ ಸೇರುತ್ತದೆ. ಬಾಯಲ್ಲಿ 30 ಆದರೆ ಸೂಜಿಯಲ್ಲಿ ಸುಮಾರು 10 ಸಾಕು. ಮೂತ್ರಪಿಂಡ ಸೋತವರಿಗೆ ಇನ್ನೂ ಕಡಿಮೆ. ಈ ಲೆಕ್ಕ ಡಾಕ್ಟರರೇ ಹಾಕಬೇಕು.

ಎದೆಯ ಮೇಲ್ಭಾಗದಲ್ಲಿ ಚರ್ಮದಡಿ, ಅಲ್ಲೇ ಉಳಿಯುವ ಪುಟ್ಟ ಬಟರ್‌ಫ್ಲೈ ಸೂಜಿ ಕೂರಿಸಿ ಸೊಸೆಗೆ ಹೇಳಿದೆ: ಅದರಲ್ಲಿ ಪ್ರತಿ ಸಲ ಮದ್ದು ಕೊಡುವ ಮೊದಲು ಅಜ್ಜನನ್ನು ಕರೆಯಿರಿ. ಎಷ್ಟೋ ದಿನ ನಿದ್ದೆಗೆಟ್ಟವರು ನೋವು ಇಳಿದೊಡನೆ ಒಂದೆರಡು ದಿನ ಗಾಢವಾಗಿ ಮಲಗುವುದುಂಟು, ಕರೆದರೆ ಏಳುತ್ತಾರೆ. ಕರೆದರೂ ಏಳದಿದ್ದರೆ, ಕಣ್ಣಪಾಪೆ ಸಾಸಿವೆಯಷ್ಟು ಕಿರಿದಾಗಿದ್ದರೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕೆಳಗಿಳಿದರೆ ಮುಂದಿನ ಸೂಜಿ ಬೇಡ, ಕೂಡಲೇ ಫೋನ್ ಮಾಡಿ. ಇದಕ್ಕೆ ನಲೋಕ್ಸೋನ್ ಎಂಬ ಪ್ರತಿಮದ್ದಿದೆ, ಆದರೆ ಅದನ್ನು ಕೊಡುವುದು ವೈದ್ಯರ ಕೈಯಲ್ಲಿ. ಜೊತೆಗೆ ನಿದ್ದೆಮಾತ್ರೆ, ಸಾರಾಯಿ ಸೇರಿದರೆ ಉಸಿರೇ ನಿಂತೀತು. ("ಒಂದು ಗುಟುಕು ಕುಡಿದರೆ ನಿದ್ದೆ ಬಂದೀತು" ಎನ್ನುವ ನೆಂಟರು ಎಲ್ಲ ಮನೆಗೂ ಬರುತ್ತಾರೆ.) ಮದ್ದನ್ನು ಒಮ್ಮೆಲೇ ನಿಲ್ಲಿಸುವುದೂ ತಪ್ಪು, ಇಳಿಸುತ್ತ ಬರಬೇಕು.

ಕಾನೂನಿನ ಹೆದರಿಕೆಯೂ ಇದೆ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳೇ ಮಾರ್ಫಿನ್ ಇಟ್ಟುಕೊಳ್ಳಲು ಹಿಂಜರಿದವು. 2014ರ ತಿದ್ದುಪಡಿ ದಾರಿ ಸಡಿಲಿಸಿತು. ಕೇರಳ 2008ರಲ್ಲೇ ಪಾಲಿಯೇಟಿವ್ ನೀತಿ ತಂದಿತ್ತು. ಚೀಟಿಯೊಂದಿಗೆ ಇಟ್ಟುಕೊಂಡ ಮದ್ದಿಗೆ ಹೆದರಬೇಡಿ. ಆದರೆ ಬೀಗದೊಳಗಿರಲಿ, ಅಕ್ಕಿ ಡಬ್ಬಿಯಲ್ಲಲ್ಲ.

ಅಜ್ಜನ ಬೊಜ್ಜದ (ಉತ್ತರಕ್ರಿಯೆಯ) ಮರುದಿನ ಆ ಸೊಸೆ ಉಳಿದ ಮೂರು ಸೂಜಿಮದ್ದಿನ ಆಂಪೂಲ್‌ಗಳನ್ನು ಎಣಿಸಿ ಹಿಂದಿರುಗಿಸಿದರು. ಜೊತೆಗೊಂದು ನೋಟ್‌ಬುಕ್. ಕೊನೆಯ ಪುಟದಲ್ಲಿ ಬರೆದಿತ್ತು: "ರಾತ್ರಿ 2 ಗಂಟೆ. ಕರೆದೆ, 'ಹ್ಞೂಂ' ಅಂದರು. ಉಸಿರು 14. ಕೈ ಸಡಿಲ ಬಿಟ್ಟು ಮಲಗಿದ್ದಾರೆ."

ನಮಸ್ಕಾರ.