ಅಪ್ಪನ ಎಸ್ಟೀಮ್‌ಗೆ ರಬ್ಬರ್ ಬುಷ್ಷೋ, ಪಿಯು ಬುಷ್ಷೋ?

ಈ ಸದ್ದು ಕೇಳಿ. ಟಕ್. ಇನ್ನೊಮ್ಮೆ, ಟಕ್. ಹಂಪ್ ಇಳಿಯುವಾಗ ಎಡಗಡೆ ಮುಂದಿನ ಗಾಲಿಯಿಂದ ಬರುತ್ತಿದೆ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೂಡ ಎಡಕ್ಕೆ ಎಳೆಯುತ್ತದೆ.

ಇದು ಅಪ್ಪನ 1998ರ ಮಾರುತಿ ಎಸ್ಟೀಮ್. ಲೋವರ್ ಆರ್ಮ್ ಬುಷ್ ಹೋಗಿದೆ. ಲೋವರ್ ಆರ್ಮ್ ಅಂದರೆ ಗಾಲಿಯನ್ನು ಕೆಳಗಡೆಯಿಂದ ಗಾಡಿಗೆ ಹಿಡಿದಿಡುವ ತೋಳು, ಅದು ಗಾಡಿಗೆ ಕೂರುವ ಜಾಗದ ಮೆತ್ತೆಯೇ ಬುಷ್. ಹಳೇ ಗಾಡಿ, ಹೋಗಲಿ ಬಿಡಿ ಅನ್ನಬಹುದಿತ್ತು. ಆದರೆ ಈ ಬುಷ್ ಹೋದ ದೀಪಾವಳಿಗೆ ಹೊಸದಾಗಿ ಹಾಕಿಸಿದ್ದು! ವರ್ಷ ಕೂಡ ತುಂಬಿಲ್ಲ.

ಹಾಗಾಗಿ ರಬ್ಬರ್ ಸಹವಾಸವೇ ಬೇಡ, ಈ ಸಲ ಪಿಯು, ಅಂದರೆ ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಹಾಕಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿಯೇ ಉದ್ಯಮಬಾಗ್‌ಗೆ ಬಂದೆ. ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ, ಇಲ್ಲಿ ಸಾಲಾಗಿ ಫೌಂಡ್ರಿ, ಲೇತ್, ಪ್ರೆಸ್. ಪಿಯು ರಾಡ್ ತಂದುಕೊಟ್ಟರೆ ಅಳತೆಗೆ ಬುಷ್ ಕಡೆದು ಕೊಡುವವರೂ ಸಿಗುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಅದೇ, ಅಗ್ಗಕ್ಕೆ ಆಗುತ್ತದಲ್ಲ ಅಂತ.

ಪ್ರೆಸ್ ಹೊಡೆಯುವ ಕಾಕಾ ಮೊದಲು ಟಾಮಿ (ಮೀಟುವ ಕಬ್ಬಿಣದ ಸಲಾಕೆ) ಹಾಕಿ ಆರ್ಮ್ ಅಲ್ಲಾಡಿಸಿದರು. ಆಮೇಲೆ ಬುಷ್ ಹೊರಗೆ ತೆಗೆದು ಬೆಳಕಿಗೆ ಹಿಡಿದರು.

"ತಮ್ಮಾ, ಇದು ಸವದ ಹೋಗಿಲ್ಲ, ಹರದ ಹೋಗೇತಿ. ಗಾಲಿ ಜೋತಾಡೂ ಮುಂದ ನಟ್ ಬಿಗದಾರ."

ನನಗೆ ಅರ್ಥವಾಗಲಿಲ್ಲ. ಅವರು ತೋರಿಸಿದ್ದನ್ನು ನಿಮಗೂ ತೋರಿಸುತ್ತೇನೆ, ಹತ್ತಿರದಿಂದ ನೋಡಿ. ಹೊರಗೆ ಒಂದು ಸ್ಟೀಲ್ ಪೈಪು, ಒಳಗೆ ಇನ್ನೊಂದು. ನಡುವೆ ರಬ್ಬರ್, ಎರಡಕ್ಕೂ ಅಂಟಿಕೊಂಡಿದೆ. ನಟ್ ಬಿಗಿದ ಮೇಲೆ ಒಳಗಿನ ಪೈಪು ತಿರುಗೋದೇ ಇಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರೇ ತಿರುಚಿಕೊಳ್ಳಬೇಕು, ಮತ್ತೆ ಬಿಚ್ಚಿಕೊಳ್ಳಬೇಕು. ಅಂದರೆ, ಬಿಗಿದಾಗ ಆರ್ಮ್ ಎಲ್ಲಿತ್ತೋ ಅದೇ ಅದಕ್ಕೆ ಆರಾಮಿನ ಜಾಗ. ಜ್ಯಾಕ್ ಮೇಲೆ ಗಾಲಿ ನೇತಾಡುತ್ತಿರುವಾಗಲೇ ಬಿಗಿದರೆ? ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಗುಂಡಿ ಸಿಕ್ಕರೆ ಇನ್ನೂ ಜಾಸ್ತಿ ತಿರುಚು. ಹರಿಯದೆ ಏನು ಮಾಡೀತು?

ಅಷ್ಟು ದಿನ ನಾನು ಬೈದದ್ದು ರಬ್ಬರನ್ನು. ತಪ್ಪು ಕೂರಿಸಿದವರದ್ದು. ಸ್ವಲ್ಪ ನನ್ನದೂ ಹೌದು. ಎಂಜಿನ್ ಮೇಲಿನ ಮುಚ್ಚಳದ, ಅಂದರೆ ಹೆಡ್ ಕವರ್‌ನ ಪ್ಯಾಕಿಂಗ್‌ನಿಂದ ಆಯಿಲ್ ತೊಟ್ಟಿಕ್ಕಿ ಬುಷ್ ಮೇಲೇ ಬಿದ್ದಿದೆ. ರಬ್ಬರ್ ಎಣ್ಣೆ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ.

ಪಿಯು ವಿಷಯದಲ್ಲಿ ಈ ಎರಡು ತಲೆನೋವೂ ಇಲ್ಲ. ಎಣ್ಣೆಗೆ ಅದು ಜಗ್ಗಲ್ಲ. ಪೈಪು ಅಂಟಿಕೊಂಡಿರಲ್ಲ, ಒಳಗೆ ತಾನೇ ತಿರುಗುತ್ತದೆ. ಆದರೆ ತಿರುಗಬೇಕಾದರೆ ಗ್ರೀಸ್ ಬೇಕು, ಅದೂ ಸಿಲಿಕೋನ್ ಗ್ರೀಸ್. ಅದು ಒಣಗಿದರೆ ಕೀಚ್ ಕೀಚ್ ಶುರು. ನಮ್ಮೂರಲ್ಲಿ ಮಳೆಗಾಲ ಹೇಗಿರುತ್ತದೆ ಅಂತ ಗೊತ್ತಲ್ಲ. ಮಳೆ ನಿಂತರೆ ಕೆಂಪು ಧೂಳು.

ಇನ್ನು ಗಡಸುತನ. ಶೋರ್ ಎ ಅಳತೆಯಲ್ಲಿ ಬುಷ್ ರಬ್ಬರ್ ಸುಮಾರು 50ರಿಂದ 70, ಪಿಯು ಸಾಮಾನ್ಯವಾಗಿ 80ರಿಂದ 95. ಅಂಕಿ ಹೆಚ್ಚಿದಷ್ಟು ಗಟ್ಟಿ. ಸ್ಟೀರಿಂಗ್ ಚುರುಕಾಗುತ್ತದೆ, ನಿಜ. ಆದರೆ ರಬ್ಬರ್ ನುಂಗುತ್ತಿದ್ದ ಪೆಟ್ಟೆಲ್ಲ ಗಾಡಿಯ ಬಾಡಿಯೊಳಕ್ಕೆ ಹೋಗುತ್ತದೆ, ಅಲ್ಲಿಂದ ಸೀಟಿಗೆ. ಆ ಸೀಟಿನಲ್ಲಿ ಕೂರುವುದು ಯಾರು? ಮೊಣಕಾಲು ನೋವಿನ ನಮ್ಮ ಅವ್ವ. ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿ ಬರುವ ಗಾಡಿ ಇದು. ನಾನೇನು ಚೋರ್ಲಾ ಘಾಟ್‌ನಲ್ಲಿ ರೇಸ್ ಹಚ್ಚುವವನಲ್ಲ.

ಲೇತ್ ಮೇಲೆ ಕಡೆಸುವ ಆಸೆ ಹೇಳಿದಾಗ ಕಾಕಾ ನಕ್ಕರು. "ಆ ರಾಡ್ ಪ್ರೆಸ್ ಡೈಗೆ ಹಾಕೂದಪಾ. ಗಾಡೀಗೆ ಬ್ಯಾರೆ."

ಕೊನೆಗೆ ಲೋವರ್ ಆರ್ಮ್‌ಗೆ ಕಂಪನಿಯ ರಬ್ಬರ್ ಬುಷ್ಷನ್ನೇ ಹಾಕಿಸಿದೆ. ಪಿಯು ಆಸೆ ಪೂರ್ತಿ ಬಿಡಲಿಲ್ಲ, ಎಡ-ಬಲ ಗಾಲಿಗಳ ನಡುವೆ ಇರುವ ಸ್ಟೆಬಿಲೈಸರ್ ಬಾರ್‌ಗೆ ಹಾಕಿದೆ. ಅಲ್ಲಿ ಬಾರ್ ಸುಮ್ನೆ ತಿರುಗುತ್ತದೆ ಅಷ್ಟೆ. ಬುಷ್ ಗಟ್ಟಿ ಇದ್ದಷ್ಟು ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ಒಂದು ಕಡೆ ಸೀಳು ಬಿಟ್ಟೇ ಮಾಡಿದ ಬುಷ್, ಮೇಲೊಂದು ಕ್ಲ್ಯಾಂಪ್. ಪ್ರೆಸ್ ಬೇಡ, ಏನೂ ಬೇಡ. ಕೀಚ್ ಅಂದರೆ ಮನೆಯಲ್ಲೇ ಬಿಚ್ಚಿ ಗ್ರೀಸ್ ಹಚ್ಚಬಹುದು.

ಈ ಶಾಟ್ ತಪ್ಪದೆ ನೋಡಿ. ಗಾಡಿ ಪಿಟ್ ಮೇಲಿದೆ, ನಾಲ್ಕೂ ಗಾಲಿ ನೆಲದ ಮೇಲಿವೆ. ಗಾಡಿ ತನ್ನ ಮಟ್ಟಕ್ಕೆ ಕೂರಲಿ ಅಂತ ಎರಡು ಸಲ ಬಾನೆಟ್ ಒತ್ತಿ ಬಿಟ್ಟರು, ಆಮೇಲೆ ಕೆಳಗಿಳಿದು ಆರ್ಮ್ ನಟ್ ಬಿಗಿದರು. ನಿಮ್ಮ ಮೆಕ್ಯಾನಿಕ್ ಜ್ಯಾಕ್ ಮೇಲೇ ಕೆಲಸ ಮುಗಿಸಲು ಹೊರಟರೆ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ನಿಲ್ಲಿಸಿ.

ಅಲೈನ್‌ಮೆಂಟ್ ಮಾಡಿಸಿಕೊಂಡು ಖಾನಾಪುರ ರಸ್ತೆಗೆ ಬಂದೆ. ರೈಲ್ವೆ ಗೇಟ್ ದಾಟುವಾಗ ಉಸಿರು ಬಿಗಿಹಿಡಿದು ಕೇಳಿದೆ. ಟಕ್ ಇಲ್ಲ. ಬ್ರೇಕ್ ಒತ್ತಿದೆ, ನೇರ ನಿಂತಿತು.

ಹೊರಡುವಾಗ ಕಾಕಾ ಹಣ ಎಣಿಸುತ್ತಲೇ ಬಾನೆಟ್ ಕಡೆ ಬೆರಳು ತೋರಿಸಿದ್ದರು. "ಆ ಆಯಿಲ್ ಮೊದಲ ನಿಂದರಸು." ಪ್ಯಾಕಿಂಗ್ ತಂದಿಟ್ಟಿದ್ದೇನೆ. ಭಾನುವಾರ ನಮ್ಮ ಅಂಗಳದಲ್ಲೇ ಬಿಚ್ಚುತ್ತೇನೆ, ಕ್ಯಾಮೆರಾ ಹಿಡಿಯೋಕೆ ತಂಗಿ ಒಪ್ಪಿದರೆ.